ತಪ್ಪುಕಾಣಿಕೆ ಯಾರ ಕೈಗೆ?

ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಮಾತು 'ತಪ್ಪುಕಾಣಿಕೆ'. ದೇವಸ್ಥಾನದ ಕಟ್ಟೆಯ ಮೇಲೆ ಊರವರು ಸೇರುತ್ತಿದ್ದರು. ಎರಡೂ ಕಡೆಯವರನ್ನು ಎದುರೆದುರು ಕೂರಿಸಿ ಕೇಳುತ್ತಿದ್ದರು. ತಪ್ಪು ಯಾರದೆಂದು ತೀರ್ಮಾನವಾದ ಮೇಲೆ ತಪ್ಪು ಮಾಡಿದವನು ಎದ್ದು ಕೈಮುಗಿದು ಕಾಣಿಕೆ ಇಡಬೇಕಿತ್ತು. ಆ ದುಡ್ಡು ದೇವರ ಹುಂಡಿಗೋ ಊರೊಟ್ಟಿನ ಗಂಟಿಗೋ ಹೋಗುತ್ತಿತ್ತು. ಈಗ ಅದೇ ಜಗಳ ಸೊರಬದ ಕೋರ್ಟಿಗೋ ಶಿಕಾರಿಪುರದ ಕೋರ್ಟಿಗೋ ಹೋಗುತ್ತದೆ. ತಪ್ಪು ರುಜುವಾತಾದರೆ ಆರೋಪಿ ದಂಡ ಕಟ್ಟುತ್ತಾನೆ, ಅದು ಸರ್ಕಾರದ ಖಜಾನೆ ಸೇರುತ್ತದೆ. ಕಟ್ಟೆಯ ನ್ಯಾಯದಲ್ಲಿ ದೇವರಿಗೆ ಸಂದಿತು, ಕೋರ್ಟಿನ ನ್ಯಾಯದಲ್ಲಿ ಸರ್ಕಾರಕ್ಕೆ ಸಂದಿತು. ದನ ನುಗ್ಗಿ ಬೆಳೆ ಹಾಳಾದವನು, ಬದುವಿನ ಜಗಳದಲ್ಲಿ ಕೈ ಮುರಿಸಿಕೊಂಡವನು, ಬಣವೆಗೆ ಬೆಂಕಿ ಬಿದ್ದು ಬೇಸಿಗೆಗೆ ಹುಲ್ಲಿಲ್ಲದಂತಾದವಳು ಎರಡೂ ಕಡೆಯಿಂದ ಬರಿಗೈಯಲ್ಲೇ ಮನೆಗೆ ಬಂದರು.

ಈ ಬರಿಗೈಯನ್ನು ಮೊದಲು ನೋಡುವ ನ್ಯಾಯದ ದಾರಿಗೆ ಇಂಗ್ಲಿಷಿನಲ್ಲಿ ರೆಸ್ಟೋರೇಟಿವ್ ಜಸ್ಟಿಸ್ ಎಂಬ ಹೆಸರಿದೆ. ಕನ್ನಡದಲ್ಲಿ ಪುನಃಸ್ಥಾಪಕ ನ್ಯಾಯ ಎಂದು ಬರೆಯುವುದುಂಟು. ಹಳ್ಳಿಯಲ್ಲಿ ಹೇಳಿದರೆ ಅರ್ಥವಾಗಬೇಕೆಂದು ನಾನು ಇಲ್ಲಿ 'ಸರಿಪಡಿಸುವ ನ್ಯಾಯ' ಎನ್ನುತ್ತೇನೆ. ನಮ್ಮ ಎರಡು ತಾಲ್ಲೂಕುಗಳಿಂದ ಶಿವಮೊಗ್ಗದ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಲಾ ಓದಲು ಹೋಗುವ ಮಕ್ಕಳು ನಾಳೆ ಕರಿ ಕೋಟು ಹಾಕಿ ಇದೇ ಕೋರ್ಟುಗಳಿಗೆ ವಾಪಸು ಬರುತ್ತಾರೆ. ಅವರಿಗೆ ಈ ನ್ಯಾಯವನ್ನು ಹೇಗೆ ಕಲಿಸಬೇಕು ಎಂಬುದೇ ಈ ವಾರದ ವಿಷಯ.

ಒಂದು ಪ್ರಕರಣ ಕಲ್ಪಿಸಿಕೊಳ್ಳೋಣ. ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅರ್ಧ ಎಕರೆ ತೋಟವಿರುವ ಒಬ್ಬಂಟಿ ಅಜ್ಜಿ. ಕೊಯ್ಲು ಮುಗಿದಿದೆ, ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಮೂಲೆಯ ಅಡಿಕೆ ಇಲ್ಲ, ಎಂಟು ಕೆ.ಜಿ.ಯಷ್ಟು. ಮೂರನೇ ದಿನ ಸಿಕ್ಕಿಬಿದ್ದವನು ಅದೇ ಕೇರಿಯ ಹತ್ತೊಂಬತ್ತು ವರ್ಷದ ಹುಡುಗ. ಅವನ ತಾಯಿ ಪ್ರತಿ ವರ್ಷ ಅಡಿಕೆ ಸುಲಿಯಲು ಅಜ್ಜಿಯ ಮನೆಗೇ ಬರುವವರು.

ಈ ಕಥೆಯನ್ನು ಕಾನೂನು ವಿದ್ಯಾರ್ಥಿಯ ಮುಂದಿಟ್ಟರೆ ಅವನ ಕೈ ಮೊದಲು ಭಾರತೀಯ ನ್ಯಾಯ ಸಂಹಿತೆಯ ಪುಟ ತಿರುಗಿಸುತ್ತದೆ. ಕಳವು, ಕಲಂ 303(2), ಮೂರು ವರ್ಷದವರೆಗೆ ಸೆರೆ ಅಥವಾ ದಂಡ. ಅಡಿಕೆ ಅಂಗಳದಲ್ಲಿತ್ತೋ, ಮನೆಯೊಳಗಿನ ಕೋಣೆಯಲ್ಲಿತ್ತೋ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಒಳಗಿದ್ದರೆ ಕಲಂ 305 ಬಂದು ಶಿಕ್ಷೆ ಏಳು ವರ್ಷದವರೆಗೆ ಏರುತ್ತದೆ. ಆಮೇಲೆ ಜಾಮೀನು, ದೋಷಾರೋಪ ಪಟ್ಟಿ, ಪಂಚನಾಮೆಯ ಸಾಕ್ಷಿ, ಪಾಟಿ ಸವಾಲು. ಇಷ್ಟನ್ನು ಕಲಿಸುವುದರಲ್ಲಿ ನಮ್ಮ ಕಾಲೇಜುಗಳು ಹಿಂದೆ ಬಿದ್ದಿಲ್ಲ. ಯಾವ ಕಾನೂನು ಮುರಿಯಿತು, ಮುರಿದವನು ಯಾರು, ಅವನಿಗೆ ಏನಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ.

ಅಜ್ಜಿ ಎಲ್ಲಿ ಹೋದರು? ಅವರು ಈಗ ಫಿರ್ಯಾದಿ, ಸಾಕ್ಷಿ ನಂಬರ್ ಒಂದು. ವಾಯಿದೆಯಿಂದ ವಾಯಿದೆಗೆ ಬಸ್ಸು ಹತ್ತಿ ಬಂದು ಕೋರ್ಟಿನ ಜಗಲಿಯಲ್ಲಿ ಕೂತಿರುತ್ತಾರೆ. ಒಂದು ದಿನ ಕಟಕಟೆಗೆ ಕರೆದಾಗ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಹೇಳಿಸಿಕೊಳ್ಳುತ್ತಾರೆ. ಹೇಳಬೇಕೆಂದು ಮನೆಯಿಂದ ಹೊರಟಿದ್ದ ಮಾತನ್ನು ಯಾರೂ ಕೇಳುವುದಿಲ್ಲ.

ಸರಿಪಡಿಸುವ ನ್ಯಾಯ ಆರಂಭವಾಗುವುದು ಆ ಮಾತಿನಿಂದ. ನೋವಾಗಿದ್ದು ಯಾರಿಗೆ, ಅವರಿಗೆ ಈಗ ಬೇಕಾಗಿರುವುದೇನು, ಅದನ್ನು ಒದಗಿಸುವ ಹೊಣೆ ಯಾರದು ಎಂದು ಅದು ಕೇಳುತ್ತದೆ. ಅಜ್ಜಿಯ ನಷ್ಟ ಎಂಟು ಕೆ.ಜಿ. ಅಡಿಕೆ ಎಂದು ಚಾರ್ಜ್‌ಶೀಟು ಹೇಳುತ್ತದೆ. ಕೂರಿಸಿ ಕೇಳಿದರೆ ಅವರು ಹೇಳುವುದು ಬೇರೆಯೇ ಇರಬಹುದು. ರಾತ್ರಿ ನಾಯಿ ಬೊಗಳಿದರೆ ನಿದ್ದೆ ಹೋಗುತ್ತದೆ. ತಾನು ಒಬ್ಬಳೇ ಇರುವುದು ಗೊತ್ತಿದ್ದೇ ಬಂದನೋ ಎಂಬ ಅನುಮಾನ ಕೊರೆಯುತ್ತದೆ. ಅವನ ತಾಯಿ ಈ ವರ್ಷ ಸುಲಿಯಲು ಬಂದಿಲ್ಲ, ಕೇರಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗುತ್ತಾರೆ. ಮೂವತ್ತು ವರ್ಷದ ಒಡನಾಟ ನಿಂತುಹೋಯಿತು. ಆ ತಾಯಿಗೂ ನೋವಾಗಿದೆ. ಅವರ ದೂರನ್ನು ಬರೆದುಕೊಳ್ಳುವ ಠಾಣೆ ಯಾವುದೂ ಇಲ್ಲ.

ಮಲೆನಾಡಿನ ತೋಟಗಳಲ್ಲಿ ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಎಂಬ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಕಳುವಾದಾಗ ಪಕ್ಕದ ಸಾಗರ ತಾಲ್ಲೂಕಿನ ಆ ದೇವಿಯ ಮೊರೆ ಹೋಗುವ ಜನ ಬಹಳ. ನನಗೆ ಆ ಬೋರ್ಡಿನಲ್ಲಿ ಭಕ್ತಿಯ ಜೊತೆಗೆ ಇನ್ನೊಂದು ಬೇಡಿಕೆಯೂ ಕಾಣುತ್ತದೆ. ಕದ್ದವನು ಜೈಲಿಗೆ ಹೋಗಲಿ ಎಂಬುದಕ್ಕಿಂತ, ಅವನಿಗೆ ತಾನು ಮಾಡಿದ್ದು ತಪ್ಪು ಅನ್ನಿಸಲಿ, ತಾನಾಗಿ ಬಂದು ಒಪ್ಪಿಕೊಳ್ಳಲಿ, ತಂದಿಡಲಿ ಎಂಬ ಬೇಡಿಕೆ ಅದು. ಜನ ಕೇಳುತ್ತಿರುವುದು ಹೆಚ್ಚುಕಡಿಮೆ ಸರಿಪಡಿಸುವ ನ್ಯಾಯವನ್ನೇ. ಕೋರ್ಟಿನಲ್ಲಿ ಅದು ಸಿಗುತ್ತದೆಂಬ ಭರವಸೆ ಇಲ್ಲದೆ ದೇವಿಯನ್ನು ಕೇಳುತ್ತಿದ್ದಾರೆ.

ಆಧುನಿಕ ಕಾಲದಲ್ಲಿ ಈ ದಾರಿ ಮತ್ತೆ ತೆರೆದ ಕಥೆಯೂ ಒಂದು ಸಣ್ಣ ಊರಿನದೇ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾದಲ್ಲಿ 1974ರಲ್ಲಿ ಇಬ್ಬರು ಯುವಕರು ಕುಡಿದು ಒಂದೇ ರಾತ್ರಿ 22 ಕಡೆ ಕಿಟಕಿ ಒಡೆದು, ಟೈರು ಕೊಯ್ದು ದಾಂಧಲೆ ಮಾಡಿದರು. ಪರಿವೀಕ್ಷಣಾಧಿಕಾರಿ ಮಾರ್ಕ್ ಯಾಂಟ್ಜಿ, ಈ ಯುವಕರು ನಷ್ಟವಾದವರ ಮನೆಗೆ ಹೋಗಿ ಮುಖ ನೋಡಿ ಮಾತಾಡಲಿ ಎಂದು ಸಲಹೆ ಕೊಟ್ಟರು. ಕಾನೂನಿನಲ್ಲಿ ಅಂಥ ಪದ್ಧತಿಯೇ ಇರಲಿಲ್ಲ. ನ್ಯಾಯಾಧೀಶರು ಕೊನೆಗೆ ಒಪ್ಪಿದರು. ಇಬ್ಬರೂ ಬಾಗಿಲಿಂದ ಬಾಗಿಲಿಗೆ ಹೋಗಿ, ನಾವೇ ಮಾಡಿದ್ದು, ನಿಮಗೆಷ್ಟು ನಷ್ಟವಾಯಿತು ಎಂದು ಕೇಳಿ ಬರೆದುಕೊಂಡರು, ಕೆಲವು ತಿಂಗಳಲ್ಲಿ ಹಣ ಹೊಂದಿಸಿ ತಂದುಕೊಟ್ಟರು. ಅವರಲ್ಲೊಬ್ಬರು ಮುಂದೆ ತಾವೇ ಇಂಥ ಸಂಧಾನದ ಕೆಲಸಕ್ಕೆ ಸ್ವಯಂಸೇವಕರಾದರು. ನ್ಯೂಜಿಲೆಂಡ್ 1989ರಲ್ಲಿ ಮಾವೊರಿ ಜನರ ಕೂಡುಕೂಟದ ಪದ್ಧತಿಯಿಂದ ಪಾಠ ಕಲಿತು, ಮಕ್ಕಳ ಅಪರಾಧಗಳಲ್ಲಿ ಕುಟುಂಬದವರು, ನೊಂದವರು, ಪೊಲೀಸರು ಒಟ್ಟಿಗೆ ಕೂರುವ ಸಭೆಯನ್ನು ಕಾಯ್ದೆಯೊಳಗೇ ತಂದಿತು. ಇಂಥ ಕಾರ್ಯಕ್ರಮಗಳಿಗೆ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಮೂಲತತ್ವಗಳನ್ನು ಒಪ್ಪಿಕೊಂಡಿತು.

ಇದು ಹೊರಗಿನಿಂದ ಬಂದ ವಿಚಾರ ಎಂದುಕೊಳ್ಳಬೇಕಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣ. ಅದೇ ಅರಸರ ರಾಜಧಾನಿಯಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಕಳುವಾದ ಸೊತ್ತನ್ನು ರಾಜ ಪ್ರಜೆಗೆ ಮರಳಿ ಕೊಡಬೇಕು ಎಂಬ ನಿಯಮ ಆ ಸ್ಮೃತಿಯಲ್ಲಿದೆ. ಕಳ್ಳನನ್ನು ಶಿಕ್ಷಿಸಿದರೆ ಮಾತ್ರ ರಾಜನ ಹೊಣೆ ತೀರಲಿಲ್ಲ, ಕಳೆದುಕೊಂಡವನ ಕೈ ತುಂಬಬೇಕಿತ್ತು. ಅದೇ ಗ್ರಂಥ ವರ್ಣ ನೋಡಿ ಶಿಕ್ಷೆ ಹೆಚ್ಚುಕಡಿಮೆ ಮಾಡುತ್ತಿತ್ತೆಂಬುದನ್ನೂ ವಿದ್ಯಾರ್ಥಿಗೆ ಹೇಳಲೇಬೇಕು. ಹಳೆಯದರಲ್ಲಿ ಉಳಿಸಿಕೊಳ್ಳುವುದು ಯಾವುದು, ಬಿಡುವುದು ಯಾವುದು ಎಂದು ಅವರೇ ತೂಗಿ ನೋಡಲಿ.

ಮತ್ತೆ ಅಜ್ಜಿಯ ಅಡಿಕೆಗೆ ಬರೋಣ. ನಮ್ಮ ಕಾನೂನಿನಲ್ಲಿ ಬಾಗಿಲುಗಳಿಲ್ಲವೇ? ಇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಯ ಪಟ್ಟಿಗೆ ಸೇರಿಸಿತು. ಕಳುವಾದ ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ತಪ್ಪಿತಸ್ಥನೆಂದು ತೀರ್ಮಾನವಾದವನು ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಎಂಟು ಕೆ.ಜಿ. ಅಡಿಕೆಯ ಬೆಲೆ ಆ ಮಿತಿಯೊಳಗೆ ನಿಂತರೆ ಈ ಬಾಗಿಲು ತೆರೆಯುತ್ತದೆ. ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ ಅಂಥವರನ್ನು ಸುಲಭಕ್ಕೆ ಜೈಲಿಗೆ ಕಳಿಸಬಾರದು ಎನ್ನುತ್ತದೆ, 5ನೇ ಕಲಂ ನೊಂದವರಿಗೆ ಪರಿಹಾರ ಕೊಡಿಸಲು ಅವಕಾಶ ಕೊಡುತ್ತದೆ. ಕಟ್ಟಿದ ದಂಡದಲ್ಲಿ ಪೂರ್ತಿಯನ್ನೋ ಒಂದು ಪಾಲನ್ನೋ ನೊಂದವರಿಗೆ ಕೊಡಿ ಎಂದು ಆದೇಶಿಸುವ ಅಧಿಕಾರ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಲ್ಲಿದೆ, ಹಳೆಯ ಸಂಹಿತೆಯಲ್ಲೂ ಇತ್ತು. ಪ್ರತಿ ಕ್ರಿಮಿನಲ್ ಪ್ರಕರಣದಲ್ಲೂ ಪರಿಹಾರದ ಬಗ್ಗೆ ಕೋರ್ಟು ಯೋಚಿಸಲೇಬೇಕು, ಕೊಡಲಿ ಬಿಡಲಿ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಹೇಳಿತು.

ತಪ್ಪುಕಾಣಿಕೆಯನ್ನು ಅಜ್ಜಿಯ ಕೈಗೆ ತಲುಪಿಸಲು ಕಾನೂನು ಅಡ್ಡ ನಿಂತಿಲ್ಲ ಎಂದಾಯಿತು. ಆದರೆ ಯಾರಾದರೂ ಎದ್ದು ಕೇಳಬೇಕಲ್ಲ? ಸರ್ಕಾರಿ ಅಭಿಯೋಜಕರು ಸರ್ಕಾರದ ಪರ, ಆರೋಪಿಯ ವಕೀಲರು ಆರೋಪಿಯ ಪರ. ನೊಂದವರು ತಮ್ಮ ವಕೀಲರನ್ನು ಇಟ್ಟುಕೊಂಡು ಅಭಿಯೋಜನೆಗೆ ನೆರವಾಗಬಹುದೆಂದು ಕಾನೂನೇ ಹೇಳಿದರೂ, ಆ ಕೆಲಸಕ್ಕೆಂದು ತಯಾರಾದ ವಕೀಲರು ನಮ್ಮಲ್ಲಿ ಕಡಿಮೆ. ಇದಕ್ಕೆ ವಕೀಲರನ್ನು ದೂರಬೇಕೆಂದು ನನಗನ್ನಿಸುವುದಿಲ್ಲ. ಕಲಿಸದೇ ಇದ್ದದ್ದನ್ನು ಮಾಡುವುದು ಹೇಗೆ?

ಇನ್ನೊಂದು ಬಾಗಿಲು ಇನ್ನೂ ದೊಡ್ಡದು. ಕನ್ನಡದಲ್ಲಿ ತಪ್ಪೊಪ್ಪಿಗೆ ಚೌಕಾಶಿ ಎಂದು ಕರೆದು ಅದನ್ನು ಸಂತೆಯ ವ್ಯಾಪಾರದಂತೆ ಮಾಡಿಬಿಟ್ಟಿದ್ದೇವೆ. 2006ರಿಂದ ಜಾರಿಯಲ್ಲಿರುವ, ಈಗ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಕಲಮುಗಳಲ್ಲಿರುವ ಈ ಅಧ್ಯಾಯವನ್ನು ಬಿಡಿಸಿ ಓದಿ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ, ಮಹಿಳೆಯರು ಮಕ್ಕಳ ಮೇಲಿನ ಅಪರಾಧಗಳಂಥವನ್ನು ಬಿಟ್ಟು, ಆರೋಪಿ ತಾನಾಗಿ ಅರ್ಜಿ ಹಾಕಬಹುದು. ಆಗ ಅಭಿಯೋಜಕರು, ತನಿಖಾಧಿಕಾರಿ, ಆರೋಪಿ, ನೊಂದವರು ಎಲ್ಲರೂ ಕೂತು ಮಾತಾಡಿ, ಎಲ್ಲರಿಗೂ ಸಮ್ಮತವಾದ ಪರಿಹಾರಕ್ಕೆ ಬರಬೇಕು. ಅಲ್ಲಿ ಒಪ್ಪಿಕೊಂಡ ಮಾತನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ ಎಂದು 299ನೇ ಕಲಂ ಕಾವಲು ಹಾಕಿದೆ. ನೊಂದವರಿಗೆ ಕುರ್ಚಿ ಹಾಕಿರುವ ಸಭೆ ನಮ್ಮ ಕಾನೂನಿನ ಪುಸ್ತಕದಲ್ಲೇ ಇದೆ. ದೇಶದಲ್ಲಿ ಈ ದಾರಿಯಲ್ಲಿ ಮುಗಿಯುವ ಪ್ರಕರಣಗಳು ಮಾತ್ರ ತೀರ ಕಡಿಮೆ.

ಲೋಕ ಅದಾಲತ್ ಇದೆಯಲ್ಲ, ಅದು ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಿಂದ ಬಂದ ಲೋಕ ಅದಾಲತ್ ಬಡವರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಅಪಘಾತದ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಸಾಲಗಳು ಅಲ್ಲಿ ಬೇಗ ಮುಗಿಯುತ್ತವೆ, ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಮೇಲ್ಮನವಿಯ ಅಲೆದಾಟ ಇಲ್ಲ. ಆದರೆ ಅಲ್ಲಿನ ಮಾತು ಮೊತ್ತದ ಸುತ್ತ ನಡೆಯುತ್ತದೆ. ಒಂದೇ ದಿನದಲ್ಲಿ ಅಷ್ಟೊಂದು ಪ್ರಕರಣ ಮುಗಿಯಬೇಕಾದಾಗ ಅಜ್ಜಿಯ ನಿದ್ದೆಯ ಕಥೆ ಕೇಳಲು ಯಾರಿಗೆ ಪುರುಸೊತ್ತು? ರಾಜಿಯಲ್ಲಿ ಪ್ರಕರಣ ಮುಗಿದರೂ ಕೇರಿಯಲ್ಲಿ ಮುಖ ತಿರುಗಿಸುವುದು ನಿಲ್ಲದೇ ಇರಬಹುದು.

ಹಾಗಾದರೆ ಇದನ್ನು ಕಾಲೇಜಿನಲ್ಲಿ ಎಲ್ಲಿ ಕಲಿಸುವುದು? ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಲಾ ಓದುವವರಿಗೆ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿವೆ. ಅವುಗಳಲ್ಲಿ ಒಂದು ಪರ್ಯಾಯ ವ್ಯಾಜ್ಯ ಪರಿಹಾರ, ಇನ್ನೊಂದು ಅಣಕು ನ್ಯಾಯಾಲಯ. 2020ರಲ್ಲಿ ಮಧ್ಯಸ್ಥಿಕೆಯ ಸಂಧಾನವನ್ನೂ ಕಡ್ಡಾಯ ವಿಷಯ ಮಾಡಲು ಪರಿಷತ್ತು ಸೂಚಿಸಿತು. ಪ್ರತಿ ಕಾಲೇಜಿನಲ್ಲೂ ಕಾನೂನು ನೆರವು ಕೇಂದ್ರ ಇರಬೇಕು. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಹೊಸ ಪತ್ರಿಕೆ, ಹೊಸ ವಿಭಾಗ, ಹೊಸ ಅನುದಾನ ಯಾವುದೂ ಬೇಡ. ಇರುವ ಈ ಚೌಕಟ್ಟಿನಲ್ಲೇ ಜಾಗವಿದೆ.

ತರಗತಿಯಲ್ಲಿ ಮೊದಲು ಬದಲಾಗಬೇಕಾದದ್ದು ಕೂರುವ ರೀತಿ. ಅಣಕು ನ್ಯಾಯಾಲಯದಲ್ಲಿ ಎದುರು ಬದುರು ಮೇಜು, ಎತ್ತರದಲ್ಲಿ ನ್ಯಾಯಾಧೀಶರ ಪೀಠ. ಇಲ್ಲಿ ಎಲ್ಲರೂ ಸುತ್ತ ಒಂದೇ ಎತ್ತರದಲ್ಲಿ. ಒಂದು ವಸ್ತು ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರದು ಮಾತ್ರ ಮಾತು, ಉಳಿದವರದು ಕಿವಿ. ಬೇರೆ ದೇಶಗಳಲ್ಲಿ ಹಕ್ಕಿಯ ಗರಿಯನ್ನೋ ಕೋಲನ್ನೋ ಇಟ್ಟುಕೊಳ್ಳುತ್ತಾರಂತೆ. ನಮ್ಮ ಮಕ್ಕಳಿಗೆ ಒಂದು ಅಡಿಕೆ ಹಾಳೆ ಸಾಕು.

ಅಜ್ಜಿಯ ಪ್ರಕರಣವನ್ನು ಆ ಸುತ್ತಿನ ನಡುವೆ ಇಟ್ಟು ಪಾತ್ರ ಹಂಚಬೇಕು. ನಿನ್ನೆ ಅಣಕು ನ್ಯಾಯಾಲಯದಲ್ಲಿ ಅಭಿಯೋಜಕನಾಗಿ ಗೆದ್ದವನಿಗೆ ಇವತ್ತು ಹುಡುಗನ ತಾಯಿಯ ಪಾತ್ರ. ಪಾಟಿ ಸವಾಲಿನಲ್ಲಿ ಚುರುಕಾದವಳಿಗೆ ಅಜ್ಜಿಯ ಪಾತ್ರ. ಒಬ್ಬರು ಮಾತ್ರ ಸಭೆ ನಡೆಸಿಕೊಡುವವರು, ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ವಕೀಲರಾಗಲು ಬಂದವರಿಗೆ ಇದು ಕಷ್ಟದ ಕಲಿಕೆ, ಏಕೆಂದರೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎಂದು ಅವರಿಗೆ ಪಾಟಿ ಸವಾಲಿನ ಪಾಠದಲ್ಲಿ ಹೇಳಿರುತ್ತಾರೆ. ಸುತ್ತಿನಲ್ಲಿ ಕೇಳುವ ಪ್ರಶ್ನೆಗಳೆಲ್ಲ ಉತ್ತರ ಗೊತ್ತಿಲ್ಲದವೇ. ಹುಡುಗನ ಪಾತ್ರದವನು ಹಾಳೆ ಹಿಡಿದು, ಅಜ್ಜಿ, ನಾನೇ ತಗಂಡ್ ಹೋಗಿದ್ದು ಎಂದಮೇಲೆ ಒಂದಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆ ಮೌನವನ್ನು ಮಾತಿನಿಂದ ತುಂಬದೆ ಸುಮ್ಮನೆ ಕೂರುವುದನ್ನು ಕಲಿಯಲು ಒಂದು ಸೆಮಿಸ್ಟರ್ ಬೇಕಾದೀತು.

ಸುತ್ತು ಕೂರುವುದಕ್ಕಿಂತ ಅದಕ್ಕೆ ಮುಂಚಿನ ತಯಾರಿ ದೊಡ್ಡದು. ಅಜ್ಜಿಯ ಹತ್ತಿರ ಬೇರೆ, ಹುಡುಗನ ಹತ್ತಿರ ಬೇರೆ, ಎರಡು ಮೂರು ಸಲ ಹೋಗಿ ಮಾತಾಡಬೇಕು. ಅವನು ನಿಜವಾಗಿ ತಪ್ಪು ಒಪ್ಪಿಕೊಂಡಿದ್ದಾನೋ, ಶಿಕ್ಷೆ ಕಡಿಮೆಯಾದೀತು ಎಂದು ತಲೆಯಾಡಿಸುತ್ತಿದ್ದಾನೋ ಎಂದು ತಿಳಿಯಬೇಕು. ನನಗೆ ಅವನ ಮುಖ ನೋಡುವುದು ಬೇಡ ಎಂದು ಅಜ್ಜಿ ಹೇಳಿದರೆ ಅಲ್ಲಿಗೆ ಮುಗಿಯಿತು, ಒತ್ತಾಯಿಸುವಂತಿಲ್ಲ. ಕೇಸು ನಡೆಯಲಿ. ಹುಡುಗನ ವಕೀಲರಿಗೂ ಇಲ್ಲಿ ಗಂಭೀರ ಕೆಲಸವಿದೆ. ತಪ್ಪು ಮಾಡದವನು ಹೆದರಿ ತಪ್ಪೊಪ್ಪಿಕೊಳ್ಳದಂತೆ ಕಾಯುವುದು, ಸುತ್ತಿನಲ್ಲಿ ಆಡಿದ ಮಾತು ಕಟಕಟೆಗೆ ಸಾಕ್ಷಿಯಾಗಿ ಬರದಂತೆ ನೋಡಿಕೊಳ್ಳುವುದು, ಒಪ್ಪಂದ ಬರೆಯುವಾಗ ಅವನ ಕೈಲಾಗದ ಹೊರೆ ಹೊರಿಸದಂತೆ ತಡೆಯುವುದು. ಎಂಟು ಕೆ.ಜಿ. ಅಡಿಕೆಯ ಬೆಲೆ, ಮುಂದಿನ ಕೊಯ್ಲಿಗೆ ನಾಲ್ಕು ದಿನದ ಕೆಲಸ ಎಂದು ಬರೆಯಬಹುದು. ಅಜ್ಜಿ ಕೇಳಿದ್ದು ಅದಲ್ಲದೆ, ಅವನ ತಾಯಿ ಮತ್ತೆ ಸುಲಿಯಲು ಬರಲಿ ಎಂದಷ್ಟೇ ಆಗಿದ್ದರೆ ಅದನ್ನು ಯಾವ ಕಲಮಿನಡಿ ಬರೆಯುವುದು ಎಂದು ವಿದ್ಯಾರ್ಥಿ ತಲೆಕೆಡಿಸಿಕೊಳ್ಳಲಿ.

ಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ಈ ಕೆಲಸ ಆರಂಭವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ, ಸಾಧ್ಯವಿದ್ದ ಕಡೆ ಮಕ್ಕಳನ್ನು ಕೋರ್ಟಿನ ವಿಚಾರಣೆಯಿಂದ ಹೊರಗಿನ ದಾರಿಗೆ ತಿರುಗಿಸಬೇಕು ಎನ್ನುತ್ತದೆ. 18ನೇ ಕಲಂ ಬಾಲನ್ಯಾಯ ಮಂಡಳಿಗೆ ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆಯಂಥ ಆಯ್ಕೆ ಕೊಡುತ್ತದೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಮಕ್ಕಳ ಪಾಲನಾ ಕೇಂದ್ರಗಳಲ್ಲಿ ಇಂಥ ಸುತ್ತುಗಳನ್ನು ನಡೆಸುತ್ತ, ಅದನ್ನು ನಡೆಸುವವರಿಗೆ ತರಬೇತಿಯನ್ನೂ ಕೊಡುತ್ತ ಬಂದಿದೆ. ಶಿವಮೊಗ್ಗದ ಬಾಲನ್ಯಾಯ ಮಂಡಳಿಯ ಕೆಲಸ ನೋಡಲು ಹೋಗುವ ವಿದ್ಯಾರ್ಥಿ ಆ ಅನುಭವ ಓದಿಕೊಂಡು ಹೋದರೆ ಕಾಣುವುದು ಬೇರೆಯಾಗುತ್ತದೆ.

ಇಂಟರ್ನ್‌ಶಿಪ್‌ನ 12 ವಾರಗಳಲ್ಲಿ ಎರಡನ್ನಾದರೂ ನಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಕಳೆಯಲಿ. ಒಂದು ಸೋಮವಾರ ಸಿರಿಗೆರೆಗೂ ಹೋಗಿ ಬರಲಿ. ಅಲ್ಲಿನ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಹಲವು ಜಿಲ್ಲೆಗಳ ಜನ ತಮ್ಮ ಜಗಳ ಹೊತ್ತು ತರುತ್ತಾರೆ, ತಮ್ಮ ಮಾತು ತಾವೇ ಆಡುತ್ತಾರೆ. ಜನ ಯಾವುದನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆಂದು ವಿದ್ಯಾರ್ಥಿ ಕೂತು ನೋಡಲಿ. ಯಾರು ಎಷ್ಟು ಹೊತ್ತು ಮಾತಾಡಿದರು, ಹೆಂಗಸರು ಎಷ್ಟು ಹೊತ್ತು ಎಂದೂ ಗಮನಿಸಲಿ. ಇದೇ ಪ್ರಶ್ನೆಯನ್ನು ಕೋರ್ಟಿನಲ್ಲೂ ಪಂಚಾಯ್ತಿಯಲ್ಲೂ ಕೇಳಿಕೊಳ್ಳಲಿ.

ಈ ಪಾಠದಲ್ಲಿ ನನಗೆ ಭಯ ಹುಟ್ಟಿಸುವ ಭಾಗವೂ ಇದೆ. ಊರು ಕೂತು ತೀರ್ಮಾನಿಸಿತು ಎಂಬ ಮಾತಿನ ಅಡಿಯಲ್ಲಿ ಎಷ್ಟೋ ಜನರ ಗೋಳು ಹೂತುಹೋಗಿದೆ. ತಪ್ಪುಕಾಣಿಕೆ ಇಡಿಸಿದ ಕಟ್ಟೆಯೇ ಬಹಿಷ್ಕಾರವನ್ನೂ ಹಾಕಿದೆ. ಆ ಕಟ್ಟೆಯ ಮೇಲೆ ಹತ್ತಲು ಎಲ್ಲರಿಗೂ ಬಿಡುತ್ತಿರಲಿಲ್ಲ, ಕೆಲವರು ಕೆಳಗೆ ನಿಂತೇ ತೀರ್ಪು ಕೇಳಬೇಕಿತ್ತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನೆನೆಯಿರಿ. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಗೆ ಆಗ ಸುತ್ತಲ ಜನರ ಒಪ್ಪಿಗೆ ಇತ್ತು, ನಂಬಿಕೆ ಇತ್ತು. ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ 1986ರ ಮಾರ್ಚ್‌ನಲ್ಲಿ ಹಲ್ಲೆಯಾಯಿತು. ಆಮೇಲೆ ಅದು ನಿಂತದ್ದು ಸರ್ಕಾರದ ನಿಷೇಧದಿಂದ. ಊರಿನ ಒಮ್ಮತವೇ ನ್ಯಾಯವಲ್ಲ ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ದೂರದ ಉದಾಹರಣೆ ಬೇಡ.

ಆದ್ದರಿಂದ ಸುತ್ತು ಕೂರಿಸುವುದನ್ನು ಕಲಿಸುವ ಮೊದಲೇ, ಯಾವಾಗ ಕೂರಿಸಬಾರದು ಎಂಬುದನ್ನು ಕಲಿಸಬೇಕು. ಅತ್ಯಾಚಾರದ ಪ್ರಕರಣದಲ್ಲಿ ರಾಜಿ ಎಂಬ ಮಾತೇ ಸಲ್ಲದು ಎಂದು ಸುಪ್ರೀಂ ಕೋರ್ಟ್ 2015ರ ಮದನ್‌ಲಾಲ್ ಪ್ರಕರಣದಲ್ಲಿ ಕಟುವಾಗಿ ಹೇಳಿದೆ. ಕಿರುಕುಳ ಕೊಟ್ಟ ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಎಂದು ಮಧ್ಯಪ್ರದೇಶದ ಹೈಕೋರ್ಟು ಜಾಮೀನಿಗೆ ಷರತ್ತು ಹಾಕಿದಾಗ, 2021ರಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಲಾ ಪಠ್ಯದಲ್ಲಿ ಲಿಂಗ ಸೂಕ್ಷ್ಮತೆಯ ಪಾಠ ಬರುವ ಬಗ್ಗೆ ವಕೀಲರ ಪರಿಷತ್ತು ಚರ್ಚಿಸಲಿ ಎಂದೂ ಸೂಚಿಸಿತು. ರಾಖಿಯ ಆ ಷರತ್ತು ಹೊರನೋಟಕ್ಕೆ ಸಂಬಂಧ ಬೆಸೆಯುವ ಹಾಗೆಯೇ ಕಾಣುತ್ತದೆ. ಆದರೆ ಅವಳಿಗೇನು ಬೇಕೆಂದು ಕೇಳದೆ ಅವಳ ಮನೆ ಬಾಗಿಲಿಗೆ ಅವನನ್ನೇ ಕಳಿಸಿದಂತಾಯಿತು. ಸರಿಪಡಿಸುವುದಕ್ಕೂ ಮುಚ್ಚಿಹಾಕುವುದಕ್ಕೂ ಇರುವ ಅಂತರ ಇಲ್ಲಿದೆ. ಕೌಟುಂಬಿಕ ಹಿಂಸೆಯಲ್ಲೂ ಅಷ್ಟೇ, ಮನೆಗೆ ಹೋದಮೇಲೆ ಹೊಡೆತ ಬೀಳುವ ಭಯವಿರುವವಳು ಸುತ್ತಿನಲ್ಲಿ ನಿಜ ಹೇಳಲಾರಳು.

ದಲಿತರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ರಾಜಿಯ ಒತ್ತಡ ಹೇಗೆ ಬರುತ್ತದೆಂದು ಹಳ್ಳಿ ಬಲ್ಲವರಿಗೆ ಗೊತ್ತು. ಕೆಲಸ ಕೊಡುವವರು, ನೀರಿನ ದಾರಿ ಬಿಡುವವರು, ಸಾಲ ಕೊಟ್ಟವರು ಎಲ್ಲರೂ ಒಂದೇ ಕಡೆ ನಿಂತು ಮುಗಿಸಿಬಿಡಿ ಎನ್ನುತ್ತಾರೆ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ, ಜಾಮೀನಿನಿಂದ ಹಿಡಿದು ಶಿಕ್ಷೆಯವರೆಗೆ ಸಂತ್ರಸ್ತರ ಮಾತು ಕೇಳಲೇಬೇಕು ಎನ್ನುತ್ತದೆ. ರಾಜಿಯಿಲ್ಲದೆಯೂ ನೊಂದವರಿಗೆ ಕಿವಿ ಕೊಡಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು. ಆ ಕಲಮನ್ನು ಬಳಸಿ ಒಂದು ಅರ್ಜಿ ಬರೆಯುವುದು ಪ್ರತಿ ವಿದ್ಯಾರ್ಥಿಗೂ ಬರಬೇಕು.

ಕೊನೆಯ ತರಗತಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ನಡೆಯಲಿ ಎಂಬುದು ನನ್ನ ಆಸೆ. 1942ರಲ್ಲಿ ಈ ಊರು ತಾನು ಸ್ವತಂತ್ರವೆಂದು ಸಾರಿಕೊಂಡಿತು, ತನ್ನದೇ ಸರ್ಕಾರ ಮಾಡಿಕೊಂಡು ಚಿಕ್ಕ ಹುಡುಗರನ್ನು ಅಮಲ್ದಾರ, ಸಬ್ಇನ್‌ಸ್ಪೆಕ್ಟರ್ ಎಂದು ಕೂರಿಸಿತು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು, ಸಬ್ಇನ್‌ಸ್ಪೆಕ್ಟರು ಪೊಲೀಸರೊಂದಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಇಬ್ಬರೂ ಅಧಿಕಾರಿಗಳು ಸತ್ತರು. ಪಡೆಗಳು ಊರಿಗೆ ನುಗ್ಗಿದವು, ಜನ ಕಾಡು ಸೇರಿದರು, ಮನೆಗಳು ಹಾಳಾದವು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಕಾನೂನು ತನ್ನ ಮೂರು ಪ್ರಶ್ನೆ ಕೇಳಿ, ಮೂರಕ್ಕೂ ಉತ್ತರ ಪಡೆದು, ಕಡತ ಮುಚ್ಚಿತು.

ಆ ಐವರು ಹುತಾತ್ಮರು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ವಿದ್ಯಾರ್ಥಿಗಳು ಅಲ್ಲಿನ ಸ್ಮಾರಕದ ಮುಂದೆ ಸುತ್ತ ಕೂತು ಒಂದು ಸಲ ಹಾಳೆ ಹಿಡಿಯಲಿ. ಒಬ್ಬರು ಗಲ್ಲಿಗೇರಿದವನ ತಾಯಿಯಾಗಿ ಮಾತಾಡಲಿ, ಒಬ್ಬರು ಗಂಡ ಮನೆಗೆ ಬರುತ್ತಾನೆಂದು ಕಾದಿದ್ದ ಅಧಿಕಾರಿಯ ಹೆಂಡತಿಯಾಗಿ. ಒಬ್ಬರು ಮೇಲಿನವರ ಹುಕುಂ ಪಾಲಿಸಿದ ಪೇದೆಯಾಗಿ, ಒಬ್ಬರು ಮಗುವನ್ನು ಕಂಕುಳಲ್ಲಿ ಹೊತ್ತು ಕಾಡಿಗೆ ಓಡಿದವಳಾಗಿ. ಯಾರಿಗೆ ಏನಾಯಿತು, ಯಾರಿಗೆ ಏನು ಬೇಕಾಗಿತ್ತು, ಅದನ್ನು ಕೊಡಬೇಕಾಗಿದ್ದವರು ಯಾರು ಎಂದು ಕೇಳಿಕೊಳ್ಳಲಿ. ಊರು ಅಮಲ್ದಾರನೆಂದು ಕೂರಿಸಿದ್ದ ಹುಡುಗನ ಪಾತ್ರ ಯಾರ ಪಾಲಿಗೆ ಬರುತ್ತದೋ, ಅವರ ಕೈಯಲ್ಲಿ ಹಾಳೆ ಹೆಚ್ಚು ಹೊತ್ತು ಇರಲಿ.